ಹತ್ತಿರ ನಿಂತವರಿಗೆ ಮಾತ್ರ

ಫೆಬ್ರವರಿ 3, ಸೋಮವಾರ. ಸಂಜೆ

ಗಂಟಲು ಇನ್ನೂ ಒರಟು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದ್ದಾಯಿತು. ಡಾಕ್ಟರದು ಒಂದೇ ಹಟ. ಅಂಗಡಿಯಲ್ಲಿ ಮಾತು ಬಿಡೋಕಾಗದಿದ್ದರೆ ಮನೆಯಲ್ಲಾದರೂ ಬಾಯಿ ಮುಚ್ಚಿಕೊಂಡಿರಬೇಕಂತೆ. ಇಲ್ಲವಾದರೆ ಗಂಟಲಲ್ಲಿ ಬೆಳೆದಿರುವ ಗಂಟನ್ನು ಕತ್ತರಿಸಬೇಕಾಗುತ್ತದಂತೆ. ಹಾಗಾಗಿ ಬಾಯಿಗೆ ಬೀಗ, ಕೈಗೆ ಪೆನ್ನು. ಓದಿದ್ದು ಏಳನೇ ಕ್ಲಾಸು, ಅಕ್ಷರ ಸೊಟ್ಟಂಬಟ್ಟ. ಇರಲಿ... ನೋಡುವವರು ಯಾರು?

ಊಟಕ್ಕೆ ಕೂತಾಗ ನನ್ನವಳು ಏನೋ ಕೇಳಿದಳು. ಗಂಟಲು ಮುಟ್ಟಿ ತೋರಿಸಿದೆ. ಹೆಂಡತಿ ಕೇಳಿದ್ದಕ್ಕೆ ಉತ್ತರ ಕೊಡಬೇಡ ಅಂತ ಚೀಟಿ ಬರೆದುಕೊಡುವ ಡಾಕ್ಟರು ಎಲ್ಲಿ ಸಿಗುತ್ತಾರೆ? ಇವರ ಫೋಟೋಗೆ ಕಟ್ಟು ಹಾಕಿಸಿ ಮನೆಯಲ್ಲಿ ಇಟ್ಟುಕೊಳ್ಳಬೇಕು.

ನಾಳೆ ಅಂಗಡಿಗೆ ಹೊಸ ಸೆಂಟ್ ಬರುತ್ತದೆ. ಕಂಪನಿಯ ಟ್ರೈನಿಂಗ್ ಮೇಡಂ ಬಂದು ಪಾಠ ಮಾಡುತ್ತಾರಂತೆ. ಇಷ್ಟು ವರ್ಷ ಸೆಂಟ್ ಮಾರಿದವನಿಗೆ ಪಾಠ. ಆಗಲಿ, ಬಿಸ್ಕತ್ತು ಕೊಡುತ್ತಾರೆ.

ಫೆಬ್ರವರಿ 4, ಮಂಗಳವಾರ

ಮೇಡಂ ಚುರುಕು. ನನ್ನನ್ನೂ ಕನ್ನಡಿಯನ್ನೂ ಎದುರಿಗೆ ಕೂರಿಸಿಕೊಂಡರು. (ಕನ್ನಡಿ ಅಂದರೆ ನಮ್ಮ ಬಿಲ್ಲಿಂಗ್ ಹುಡುಗಿ. ದಿನವಿಡೀ ಕೌಂಟರಿನ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತಾಳೆ ಅಂತ ನಾನೇ ಇಟ್ಟ ಹೆಸರು.) ತಿಳಿ ಗುಲಾಬಿ ಮುಚ್ಚಳದ ಬಾಟಲಿ. ಮೊದಲು ಹೂವು ಬರುತ್ತದೆ, ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ, ಆಮೇಲೆ ಇಡೀ ದಿನ ಉಳಿಯುವುದು ಕಸ್ತೂರಿ ಅಂದರು. ಇದು ಕೂಗಾಡುವ ಸೆಂಟ್ ಅಲ್ಲ, ಹತ್ತಿರ ನಿಂತವರಿಗೆ ಮಾತ್ರ ಸಿಗುತ್ತದೆ, ಹಾಕುವವರ ಪರ್ಸನಾಲಿಟಿಯೂ ಅಂಥದ್ದೇ ಇರುತ್ತದೆ ಅಂದರು. ಪರ್ಸನಾಲಿಟಿ ಅನ್ನುವ ಮಾತು ಹತ್ತು ಸಲವಾದರೂ ಬಂತು.

ಕಾಗದದ ಪಟ್ಟಿ ಮೇಲೆ ಹೊಡೆದು ಕೊಟ್ಟರು. ಮೂಸಿದೆ. ಏನೋ ಹೂವಿನ ಎಳೆ... ಆಮೇಲೆ ನೀರು. ಇನ್ನೊಮ್ಮೆ ಮೂಸಿದೆ. ಬರೀ ಕಾಗದ. ಪಕ್ಕದಲ್ಲಿ ಕನ್ನಡಿ ಕಣ್ಣು ಮುಚ್ಚಿ ತೇಲುತ್ತಿದ್ದಾಳೆ. ನಾನೂ ಕಣ್ಣು ಮುಚ್ಚಿ ತೇಲಿದೆ. ಏನು ಅನ್ನಿಸುತ್ತಿದೆ ಅಂತ ಮೇಡಂ ಕೇಳಿದರು. ಮಾತೇ ಹೊರಡುತ್ತಿಲ್ಲ ಮೇಡಂ ಅಂದೆ. ಇವನ ಬಾಯನ್ನೂ ಮುಚ್ಚಿಸಿದ ಸೆಂಟ್ ಅಂದರೆ ಅದಕ್ಕೆ ಪ್ರೈಜ್ ಕೊಡಬೇಕು ಅಂದರು ಓನರ್. ಎಲ್ಲರೂ ನಕ್ಕರು.

ಕಂಪನಿಯವರು ಬಣ್ಣದ ಬಾಟಲಿಗೆ ನೀರು ತುಂಬಿಸಿ ಕಳಿಸಿದ್ದಾರೆ ಅಂತ ನನ್ನ ಲೆಕ್ಕ. ಹೇಳಿ ಕೆಟ್ಟವನಾಗೋದು ಯಾಕೆ?

ಫೆಬ್ರವರಿ 7, ಶುಕ್ರವಾರ

ನೀರು ಮಾರಿದೆ! ಅದೂ ಎಷ್ಟು ಬಾಟಲಿ!

ಆಗಿದ್ದು ಹೀಗೆ. ಮೂರು ಜನ ಹೆಂಗಸರು ಬಂದರು. ವಾಸನೆ ಹೇಗಿರುತ್ತೆ ಹೇಳಿ ಅಂದರು. ನನಗೆ ಸಿಕ್ಕಿದ್ದರೆ ತಾನೇ ಹೇಳೋದು? ಬಾಯಿ ಮಾತ್ರ ನಿಲ್ಲಲಿಲ್ಲ. ವಾಸನೆ ಬಿಟ್ಟು ಆಳನ್ನೇ ಹೇಳಿಬಿಟ್ಟೆ. ಇದನ್ನು ಹಾಕುವವಳು ಬಾಗಿಲು ದಡಾರ್ ಅಂತ ಹಾಕುವುದಿಲ್ಲ ಮೇಡಂ, ಮೆತ್ತಗೆ ಎಳೆದುಕೊಳ್ಳುತ್ತಾಳೆ. ನಿದ್ದೆ ಮಾಡುವವರ ಚಾದರ ಸರಿಮಾಡಿ ದೀಪ ಆರಿಸುತ್ತಾಳೆ. ಕೇಳಿದರೆ ತಾನು ಏನೂ ಮಾಡಲೇ ಇಲ್ಲ ಅನ್ನುತ್ತಾಳೆ. ಅವಳು ಎದ್ದು ಹೋದ ಮೇಲೆ ಕೋಣೆ ಯಾಕೋ ದೊಡ್ಡದಾಯಿತು ಅನ್ನಿಸುತ್ತದೆ... ಹೀಗೆ. ಎಲ್ಲಿಂದ ಬಂತೋ. ಹೆಂಗಸರು ಸುಮ್ಮನೆ ನಿಂತು ಕೇಳಿದರು. ಒಬ್ಬಳ ಕಣ್ಣು ಒದ್ದೆ.

ಅಯ್ಯೋ, ಜಾಸ್ತಿ ಆಯಿತು ಅನ್ನಿಸಿತು. ನನ್ನ ಕೌಂಟರಿನಲ್ಲಿ ಯಾರೂ ಅಳಬಾರದು. ತಕ್ಷಣ ತಿರುಗಿಸಿದೆ. ನಮ್ಮ ಮನೆಯವಳಿಗೆ ಇದು ಆಗಿಬರಲ್ಲ ಮೇಡಂ, ಅವಳ ಸೆಂಟ್ ಬೇರೆ, ಹೊಲಿಗೆ ಮಶೀನಿನ ಎಣ್ಣೆಗೆ ಹುರಿದ ಈರುಳ್ಳಿ ಸೇರಿಸಿ ಮಾಡಿದ್ದು, ಬಸ್ಸು ಇಳಿಯುವ ಮುಂಚೆಯೇ ಬೀದಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಅಂದೆ. ಸೊಂಟದ ಮೇಲೆ ಕೈಯಿಟ್ಟು ಅವಳ ಥರ ನಡೆದೂ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂವರೂ ತೆಗೆದುಕೊಂಡರು.

ಸಂಜೆಯವರೆಗೂ ಅದೇ ಆಟ. ರೇಡಿಯೋ ಇವತ್ತು ಭರ್ಜರಿ ಸ್ಟೇಷನ್ ಹಿಡಿದಿದೆ ಅಂದರು ಓನರ್. ರೇಡಿಯೋ ಅಂದರೆ ನಾನೇ.

ಮನೆಗೆ ಬರುವಷ್ಟರಲ್ಲಿ ದನಿ ಪೂರ್ತಿ ಹೋಗಿತ್ತು. ನನ್ನವಳು ಬಿಸಿನೀರು ಇಟ್ಟಿದ್ದಳು. ಯಾವತ್ತಿಗಿಂತ ಗೆಲುವಾಗಿದ್ದಳು. ಯಾಕೋ.

ಫೆಬ್ರವರಿ 12, ಬುಧವಾರ. ಬೆಳಗ್ಗೆ

ನನಗೆ ರಜೆ. ಅವಳಿಗೆ ಇಲ್ಲ. ಹೊರಡುವ ಮುಂಚೆ ಮಂಚದ ತುದಿಗೆ ಕೂತು ಒಂದು ವಿಷಯ ಹೇಳಿದಳು. ಅವಳ ಹೊಲಿಗೆ ಫ್ಯಾಕ್ಟರಿಯವರು ಇನ್ನೊಂದು ಊರಲ್ಲಿ ಬ್ರ್ಯಾಂಚ್ ತೆರೆಯುತ್ತಾರಂತೆ. ಆಸ್ಪತ್ರೆ ಬಟ್ಟೆ ಹೊಲಿಯುವ ಲೈನಿಗೆ ಇವಳೇ ಸೂಪರ್‌ವೈಸರ್ ಆಗಬೇಕಂತೆ. ಇರಲಿಕ್ಕೆ ಕೋಣೆ ಕೊಡುತ್ತಾರೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ತಿಂಗಳ ಕೊನೆಯೊಳಗೆ ಹೂಂ ಅಥವಾ ಉಹೂಂ ಅನ್ನಬೇಕು.

"ಹೋಗ್ಲಾ, ಬೇಡ್ವಾ? ನೀವು ಒಂದು ಮಾತು ಹೇಳಿ" ಅಂದಳು.

ಡಾಕ್ಟರ ಮಾತು ಮೀರಿ ಬಾಯಿ ತೆರೆದೆ. ಹೋಗು ಮಾರಾಯ್ತಿ, ಮಂಚ ಅಗಲ ಆಗುತ್ತೆ ಅಂದೆ.

ನಗಲಿಲ್ಲ. ಚೀಲ ತಗಲಿಸಿಕೊಂಡು ಹೋದಳು. ಇವಳಿಗೆ ತಮಾಷೆ ಅನ್ನೋದು ಹುಟ್ಟಿದಾಗಿನಿಂದ ತಲೆಗೆ ಹತ್ತಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಜೋಕು ಹೇಳಿದರೆ ಆಮೇಲೆ ಏನಾಯಿತು ಅಂತ ಕೇಳುತ್ತಿದ್ದಳು.

ಹೋಗಬೇಡ ಅನ್ನಬಹುದಿತ್ತು. ಆದರೆ ಅದನ್ನೂ ಬಾಯಿ ಬಿಟ್ಟು ಹೇಳಬೇಕಾ? ಹೋಗಲ್ಲ ಬಿಡು. ಎಲ್ಲಿಗೆ ಹೋಗುತ್ತಾಳೆ?

ಫೆಬ್ರವರಿ 16, ಭಾನುವಾರ

ಮಗಳು ಬಂದಿದ್ದಳು. ನರ್ಸಿಂಗ್ ಹಾಸ್ಟೆಲಿನಿಂದ ಬರುವುದೇ ಅಪರೂಪ. ಬಾಗಿಲಲ್ಲೇ ಅಮ್ಮನನ್ನು ತಬ್ಬಿಕೊಂಡವಳು ಬಿಡಲೇ ಇಲ್ಲ. ಕತ್ತಿನ ಹತ್ತಿರ ಮುಖ ಇಟ್ಟು ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪ, ನಿನಗೇನೂ ಗೊತ್ತಾಗ್ಲೇ ಇಲ್ವಾ?" ಅಂದಳು.

ಗೊತ್ತಾಯ್ತು, ನೀನು ಬಡಕಲಾಗಿದ್ದೀಯ, ಹಾಸ್ಟೆಲಿನವರು ಊಟದ ಬದಲು ಊಟದ ಫೋಟೋ ಕೊಡ್ತಾರೆ ಅಂದೆ. ಮಗಳು ನಕ್ಕಳು. ಅವಳಮ್ಮ ತಲೆ ಅಲ್ಲಾಡಿಸಿ ಅವಳಿಗೆ ಏನೋ ಸನ್ನೆ ಮಾಡಿದಳು. ಇಬ್ಬರೂ ಅಡುಗೆಮನೆಗೆ ಹೋದರು. ಬಹಳ ಹೊತ್ತು ಪಿಸುಪಿಸು. ನಾನು ಗಂಟಲಿಗೆ ಬಟ್ಟೆ ಸುತ್ತಿಕೊಂಡು ಮಲಗಿದೆ.

ಫೆಬ್ರವರಿ 20, ಗುರುವಾರ. ಊಟದ ಹೊತ್ತು

ಈಗ ಜನ ಸೆಂಟ್ ಕೇಳಿಕೊಂಡು ಬರುವುದಿಲ್ಲ. ಆ ಹೆಂಡತಿ ಜೋಕ್ ಹೇಳ್ತಾರಲ್ಲ, ಅವರ ಕೌಂಟರ್ ಯಾವುದು ಅಂತ ಕೇಳಿಕೊಂಡು ಬರುತ್ತಾರೆ. ಮೊದಲಿನ ಭಾಗ, ಅದೇ ಬಾಗಿಲು, ಚಾದರ, ದೀಪ, ಎಲ್ಲ ಬಿಟ್ಟುಬಿಟ್ಟಿದ್ದೇನೆ. ಅದಕ್ಕೆ ಟೈಮ್ ಹಿಡಿಯುತ್ತದೆ. ಸೀದಾ ಈರುಳ್ಳಿಗೇ ಬರುತ್ತೇನೆ. ದಿನಕ್ಕೊಂದು ಹೊಸದು ಸೇರಿಸುತ್ತೇನೆ. ಅವಳು ಕನ್ನಡಕ ಹುಡುಕುವುದು, ಲೆಕ್ಕ ಹಾಕುವಾಗ ತುಟಿ ಅಲ್ಲಾಡಿಸುವುದು. ಅವಳು ಸಿಟ್ಟು ಮಾಡುವುದಿಲ್ಲ, ಮಡಚಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಚುತ್ತಾಳೆ, ಅದೇ ಸಿಟ್ಟು. ಇದಕ್ಕೆ ನಗು ಜಾಸ್ತಿ.

ಕನ್ನಡಿ ಮಾತ್ರ ನಗುವುದಿಲ್ಲ. "ಅಂಕಲ್, ಸಾಕು" ಅಂದಳು ನಿನ್ನೆ. ನಿನಗೇನು ಹೊಟ್ಟೆಕಿಚ್ಚಾ ಅಂತ ಕೇಳಿದೆ. ಏನೋ ಹೇಳಲು ಬಂದಳು. ಬಿಲ್ ಬಂತು. ಹೋದಳು.

ಫೆಬ್ರವರಿ 22, ಶನಿವಾರ

ಏನು ಬರೆಯಲಿ.

ಗಂಟಲಿನ ಔಷಧಿ ಮನೆಯಲ್ಲೇ ಮರೆತಿದ್ದೆ. ಕೌಂಟರಿನ ಸುತ್ತ ಹತ್ತು ಹನ್ನೆರಡು ಜನ. ಬಟ್ಟೆ ಮಡಚುವ ಆಟ ನಡೆಯುತ್ತಿತ್ತು. ಹಿಂದಿನ ಸಾಲಿನಲ್ಲಿ ನನ್ನವಳು. ಕೈಯಲ್ಲಿ ಔಷಧಿ ಬಾಟಲಿ. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಾಲಿಗೆ ಕಚ್ಚಿಕೊಂಡು ನಿಲ್ಲಿಸುತ್ತಿದ್ದರು. ಜನ ನಗುತ್ತಿದ್ದರಲ್ಲ... ನಿಲ್ಲಿಸಲಾಗಲಿಲ್ಲ. ಬಂದರು ನೋಡಿ ಕಥಾನಾಯಕಿ ಅಂದೆ. ಜನ ದಾರಿ ಬಿಟ್ಟರು. ಮುಂದೆ ಕರೆದುಕೊಂಡು ಬಂದು ಕೈ ಹಿಡಿದೆ. ಇಷ್ಟು ದಿನ ಮಾತಲ್ಲಿ ಕೇಳಿದಿರಿ, ಈಗ ಕಣ್ಣಾರೆ ನೋಡಿ, ಈರುಳ್ಳಿಯ ಮೇಲೆ ಈ ಸೆಂಟ್ ಗೆಲ್ಲುತ್ತದಾ ಅಂತ ಟೆಸ್ಟರ್, ಅದೇ ಗಿರಾಕಿಗಳಿಗೆ ಮೂಸಲು ಇಟ್ಟ ಬಾಟಲಿ, ಎತ್ತಿದೆ.

ಮುಂದೆ ನಿಂತಿದ್ದ ಹಸಿರು ಕೋಟಿನ ಹೆಂಗಸು ಬಗ್ಗಿ ಅವಳ ಮಣಿಕಟ್ಟು ಮೂಸಿದರು. "ಇವರು ಆಗಲೇ ಇದನ್ನೇ ಹಾಕಿದ್ದಾರಲ್ಲ. ಎಷ್ಟು ಚೆನ್ನಾಗಿ ಒಪ್ಪಿದೆ ಇವರಿಗೆ" ಅಂದರು.

ಪಕ್ಕದವರೂ ಮೂಸಿದರು, ಹೌದು ಹೌದು ಅಂದರು. ನಾನು ಅದೇ ಕೈಯನ್ನು ಹಿಡಿದುಕೊಂಡು ನಿಂತಿದ್ದೇನೆ. ನನಗೆ ಏನೂ ಇಲ್ಲ. ಕೈ, ಅಷ್ಟೇ. ಅವಳು ನನ್ನ ಮುಖ ನೋಡುತ್ತಿದ್ದಳು. ಏನೋ ಬರಬಹುದು ಅಂತ ಕಾಯುವವರ ಥರ.

ಬಂದದ್ದು ಇದು. "ಅದಕ್ಕೇ ನಮ್ಮ ಟೆಸ್ಟರ್ ಇಷ್ಟು ಬೇಗ ಖಾಲಿ ಆಗ್ತಿತ್ತು."

ಇಡೀ ಅಂಗಡಿ ನಕ್ಕಿತು. ಇವತ್ತಿನ ತನಕ ಅಷ್ಟು ದೊಡ್ಡ ನಗು ಬಂದಿಲ್ಲ.

ಅವಳು ಕೈ ಬಿಡಿಸಿಕೊಂಡಳು. ಔಷಧಿಯನ್ನು ಕೌಂಟರ್ ಮೇಲಿಟ್ಟಳು. ಮುಚ್ಚಳ ಸರಿಯಾಗಿದೆಯಾ ಅಂತ ಒಮ್ಮೆ ತಿರುಗಿಸಿ ನೋಡಿ, ಹೋದಳು.

ಸಂಜೆ ಓನರ್ ಒಳಗೆ ಕರೆದರು. ಟೆಸ್ಟರ್ ಮನೆಗೆ ಹೋಗಿದ್ದು ನಿಜವೇನೋ ಅಂತ ಕೇಳಿದರು. ತಮಾಷೆಗೆ ಅಂದಿದ್ದು ಅಂದೆ. ಮುಖ ಗಂಟಿಕ್ಕಿಕೊಂಡೇ ಇದ್ದರು. ಆಗ ಕನ್ನಡಿ ಬಾಗಿಲಲ್ಲಿ ಬಂದು ನಿಂತಳು. ಬಿಲ್ ಮಾಡಿದ್ದು ತಾನೇ ಅಂದಳು. ಹೋದ ಬುಧವಾರ, ಅಲ್ಲ, ಅದರ ಹಿಂದಿನ ಬುಧವಾರ, ನನ್ನ ರಜೆಯ ದಿನ ನನ್ನವಳೇ ಬಂದು ದುಡ್ಡು ಕೊಟ್ಟು ಒಂದು ಬಾಟಲಿ ತೆಗೆದುಕೊಂಡು ಹೋದಳಂತೆ. ಅವರಿಗೆ ಹೇಳಬೇಡಮ್ಮ, ಯಾವಾಗ ಗಮನಿಸ್ತಾರೋ ನೋಡೋಣ ಅಂದಿದ್ದಳಂತೆ.

ಬುಧವಾರ. ಮಂಚ ಅಗಲ ಆಗುತ್ತೆ ಅಂದಿದ್ದೆನಲ್ಲ, ಆ ಬುಧವಾರ.

ಮನೆಗೆ ಬಂದಾಗ ಅವಳು ಬಟ್ಟೆ ಮಡಚುತ್ತಿದ್ದಳು. ಬಿಡಿಸಿ ಮತ್ತೆ ಮಡಚುತ್ತಿರಲಿಲ್ಲ. ಒಂದೇ ಸಲಕ್ಕೆ ಮಡಚಿ ಪಕ್ಕಕ್ಕೆ ಇಡುತ್ತಿದ್ದಳು.

ಫೆಬ್ರವರಿ 24, ಸೋಮವಾರ. ಮಧ್ಯಾಹ್ನ

ಸಿಕ್ಕಿತು! ಕಾರಣ ಸಿಕ್ಕಿತು!

ಟ್ರೈನಿಂಗ್ ಮೇಡಂ ಸ್ಟಾಕ್ ನೋಡಲು ಬಂದಿದ್ದರು. ನನ್ನ ಸ್ನೇಹಿತನೊಬ್ಬನಿಗೆ ಈ ಸೆಂಟ್ ವಾಸನೆಯೇ ಬರಲ್ಲ ಮೇಡಂ ಅಂದೆ. ಅವರೇನು ದಡ್ಡರೇ? ಬನ್ನಿ, ನಿಮ್ಮ ಸ್ನೇಹಿತರನ್ನು ಕೂರಿಸಿ ಅಂತ ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿದರು. ಹೂವು ಆರಿಹೋಗಿದ್ದ ಪಟ್ಟಿ ಒಂದು, ನೀರು ಹಾಕಿದ್ದು ಇನ್ನೊಂದು. ಯಾವುದು ಯಾವುದು ಹೇಳಿ ಅಂದರು. ಮೂಸಿ ಮೂಸಿ ಸಾಕಾಯಿತು. ಎರಡೂ ನೀರು.

ಕೆಲವರಿಗೆ ಈ ಬಗೆಯ ಕಸ್ತೂರಿ ಸಿಗುವುದೇ ಇಲ್ಲವಂತೆ. ಮೂಗಿನಲ್ಲಿ ರೋಗ ಏನಿಲ್ಲ, ಉಳಿದ ವಾಸನೆ ಎಲ್ಲ ಬರುತ್ತದೆ, ಇದೊಂದಕ್ಕೆ ಮಾತ್ರ ಮೂಗು ಕಿವುಡು. ಅಂಥವರು ಬೇಕಾದಷ್ಟು ಜನ ಇದ್ದಾರಂತೆ. ಆದರೆ ಅದನ್ನೇ ಮಾರುವವರಲ್ಲಿ ನೋಡಿದ್ದು ಇದೇ ಮೊದಲು ಅಂದರು. ಅವರ ಕೈ ಕುಲುಕಿದೆ. ಕನ್ನಡಿಯ ಕೈಯೂ ಕುಲುಕಿದೆ.

ನನ್ನವಳು ಬೆಳಗ್ಗೆ ಹಾಕಿಕೊಂಡಿದ್ದಾಳೆ. ನಾನು ಏಳುವಷ್ಟರಲ್ಲಿ ಹೂವು ಹೋಗಿದೆ. ಉಳಿದದ್ದು ನನ್ನ ಮೂಗಿಗೆ ಇಲ್ಲ. ನನ್ನ ತಪ್ಪೇನಿದೆ? ಇವತ್ತು ಬೇಗ ಮನೆಗೆ.

ಅದೇ ದಿನ. ಸಂಜೆ

ಅವಳು ಮಗಳ ಯೂನಿಫಾರ್ಮಿಗೆ ಅಂಚು ಹೊಲಿಯುತ್ತಿದ್ದಳು. ಬಿಸಿನೀರು ಬೇಡ, ಕೂತ್ಕೋ ಅಂದೆ. ಎಲ್ಲ ಹೇಳಿದೆ. ಪಟ್ಟಿ, ನೀರು, ಮೇಡಂ ಹೇಳಿದ್ದು. ಗಂಟಲು ಹರಿಯುತ್ತಿತ್ತು, ಆದರೂ ಬಿಡಲಿಲ್ಲ. ಬೇಕಾದರೆ ಮೇಡಂ ಹತ್ತಿರ ಫೋನಿನಲ್ಲಿ ಕೇಳು ಅಂದೆ. ಲಾಟರಿ ಹೊಡೆದವನ ಹಾಗೆ ಕೂತಿದ್ದೆ.

ಪೂರ್ತಿ ಕೇಳಿಸಿಕೊಂಡಳು. ದಾರ ಕಡಿದಳು.

"ಸರಿ. ಮೂಗಿಗೆ ಸಿಗಲಿಲ್ಲ, ಒಪ್ಪಿದೆ. ಗಂಟಲಿಗೆ ಮನೇಲಿ ಮಾತಾಡೋಕಾಗಲ್ಲ, ಅದನ್ನೂ ಒಪ್ಪಿದೆ. ಕೂದಲು ಕತ್ತರಿಸಿಕೊಂಡು ಹತ್ತು ದಿನದ ಮೇಲಾಯ್ತು. ಕನ್ನಡಕ ಬದಲಾಯಿಸಿದೀನಿ. ಕಣ್ಣಿಗೆ ಯಾವ ಡಾಕ್ಟರು ಏನು ಹೇಳಿದಾರೆ ರೀ?"

ಆಗ ನೋಡಿದೆ. ಕನ್ನಡಕದ ಫ್ರೇಮು ಕಂದು ಬಣ್ಣದ್ದು. ಮೊದಲು ಕರಿಯದಿತ್ತು. ಇತ್ತು ಅಂತ ಕಾಣುತ್ತದೆ. ಕೂದಲು ಭುಜಕ್ಕೆ ಮುಟ್ಟುತ್ತಿಲ್ಲ. ಚೆನ್ನಾಗಿ ಕಾಣಿಸುತ್ತಿದ್ದಳು. ಅಷ್ಟು ಹೊತ್ತಿಗೆ ಹೇಳಿದರೆ ಏನು ಬಂತು?

ಆ ಸೆಂಟೇ ಯಾಕೆ ತೆಗೆದುಕೊಂಡೆ ಅಂತ ಕೇಳಿದೆ. ಕೇಳಬಾರದಿತ್ತು.

ಏಳನೇ ತಾರೀಕು ಶುಕ್ರವಾರ ಫ್ಯಾಕ್ಟರಿಗೆ ಕರೆಂಟ್ ಇರಲಿಲ್ಲವಂತೆ, ಬೇಗ ಬಿಟ್ಟರಂತೆ. ಜೊತೆಗೆ ಮನೆಗೆ ಹೋಗೋಣ ಅಂತ ಅಂಗಡಿಯ ಹತ್ತಿರ ಬಂದಳಂತೆ. ಬಾಗಿಲಲ್ಲಿ ನಿಂತಾಗ ನಾನು ಮೂರು ಜನ ಹೆಂಗಸರಿಗೆ ಹೇಳುತ್ತಿದ್ದೆನಂತೆ, ಬಾಗಿಲು ಮೆತ್ತಗೆ ಎಳೆದುಕೊಳ್ಳುವವಳು, ಚಾದರ ಸರಿಮಾಡಿ ದೀಪ ಆರಿಸುವವಳು. ಅಷ್ಟು ಕೇಳಿ, ಯಾಕೋ ನಾಚಿಕೆಯಾಗಿ, ಒಳಗೆ ಬಾರದೆ ಬಸ್ಸು ಹತ್ತಿದಳಂತೆ.

"ನನ್ನ ಬಗ್ಗೆ ಹೇಳ್ತಿದೀರ ಅಂದ್ಕೊಂಡೆ" ಅಂದಳು. "ಉಳಿದರ್ಧ ಮೊನ್ನೆ ಶನಿವಾರ ಕೇಳಿಸಿಕೊಂಡೆ."

ನಾನು ಬಾಯಿ ತೆರೆದೆ. ನಿನ್ನ ಬಗ್ಗೆಯೇ ಅನ್ನಬೇಕಿತ್ತು. ನಿಜವೂ ಅದೇ. ನಮ್ಮ ಮನೆಯಲ್ಲಿ ದೀಪ ಆರಿಸುವವರು ಇನ್ಯಾರು? ದನಿ ಹೊರಡಲಿಲ್ಲ. ಗಂಟಲು ಮುಟ್ಟಿ ತೋರಿಸಿದೆ. ದೇವರಾಣೆ ನಿಜವಾಗಿಯೂ ದನಿ ಹೋಗಿತ್ತು.

"ಹೂಂ, ಗೊತ್ತು" ಅಂದಳು. ಸೂಜಿಗೆ ಮತ್ತೆ ದಾರ ಪೋಣಿಸಿದಳು.

ಫೆಬ್ರವರಿ 28, ಶುಕ್ರವಾರ

ಹೂಂ ಅಂದಿದ್ದಾಳೆ. ಫ್ಯಾಕ್ಟರಿಗೆ.

ಮಾರ್ಚ್ 2, ಭಾನುವಾರ

ಬಸ್ಸು ಹತ್ತಿಸಿ ಬಂದೆ. ಮಗಳೂ ಇದ್ದಳು. ಬೆಳಗಿನಿಂದ ಒಂದೇ ಮಾತನ್ನು ಬಾಯಲ್ಲಿ ಉರು ಹೊಡೆಯುತ್ತಿದ್ದೆ. ಹೋಗಬೇಡ. ಅಷ್ಟೇ. ಗಂಟಲು ನಾಲ್ಕು ದಿನದಿಂದ ಚೆನ್ನಾಗಿಯೇ ಇದೆ. ಅಂಗಡಿಯಲ್ಲಿ ಆ ಆಟ ನಿಲ್ಲಿಸಿದ್ದೇನೆ.

ಕಂಡಕ್ಟರ್ ಪೆಟ್ಟಿಗೆ ಮೇಲಕ್ಕೆ ಹಾಕುತ್ತಿದ್ದ. ಹುಷಾರಪ್ಪ, ಪೆಟ್ಟಿಗೆ ಹೊಸದು, ಹೆಂಡತಿ ಹಳೆಯದು ಅಂದೆ. ಅವನು ನಕ್ಕ. ಕಿಟಕಿ ಪಕ್ಕದ ಮುದುಕನೂ ನಕ್ಕ. ಯಾಕೆ ಅಂದೆನೋ. ನಗುವ ಮುಖ ಒಂದು ಕಂಡರೆ ಸಾಕು, ನನ್ನ ನಾಲಿಗೆ ತಾನೇ ಎದ್ದು ಹೋಗುತ್ತದೆ. ಅವಳು ಮಗಳಿಗೆ ಔಷಧಿಯ ಬಾಟಲಿ ಎಲ್ಲಿದೆ ಅಂತ ಹೇಳುತ್ತಿದ್ದಳು. ನನ್ನ ಔಷಧಿ.

ಬಸ್ಸು ಹೋಯಿತು.

ಮನೆಯಲ್ಲಿ ಚಾದರ, ದಿಂಬು ಎಲ್ಲ ಮೂಸಿ ನೋಡಿದೆ. ಇರಬಹುದು. ನನಗೆ ಹೇಗೆ ಗೊತ್ತಾಗಬೇಕು? ಪಕ್ಕದ ಮನೆಯವರನ್ನು ಕರೆದು ಮೂಸಿ ಹೇಳಿ ಅನ್ನೋಕಾಗುತ್ತಾ?

ಮಾರ್ಚ್ 19, ಬುಧವಾರ. ಬಸ್ಸಿನಲ್ಲಿ

ಹೋಗಿದ್ದೆ. ಹೇಳದೆ ಹೋದೆ. ಅಕ್ಷರ ಕುಣಿಯುತ್ತಿದೆ, ರಸ್ತೆ ಸರಿಯಿಲ್ಲ.

ಶಿಫ್ಟು ಬಿಡುವ ಹೊತ್ತಿಗೆ ಅವಳ ಫ್ಯಾಕ್ಟರಿಯ ಗೇಟಿನ ಹತ್ತಿರ ನಿಂತೆ. ಈ ಸಲ ಜೋಕು ಬೇಡ, ಬಾ ಮನೆಗೆ ಅಂತ ಮಾತ್ರ ಹೇಳಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ. ಗೋಡೆಯ ಆಚೆ ಕೈತೊಳೆಯುವ ನಲ್ಲಿ, ಅಲ್ಲಿ ಹೆಂಗಸರ ಗುಂಪು. ನಗುವ ಸದ್ದು. ನಗು ಕೇಳಿದರೆ ನನ್ನ ಕಾಲು ತಾನಾಗಿ ಅತ್ತ ತಿರುಗುತ್ತದೆ. ಯಾರಪ್ಪ ಇಷ್ಟು ನಗಿಸುವವರು ಅಂತ ಇಣುಕಿದೆ.

ನನ್ನವಳು.

ನಡುವೆ ನಿಂತಿದ್ದಳು. ಯಾರದೋ ನಕಲು ಮಾಡುತ್ತಿದ್ದಳು. ಅವರ ಮ್ಯಾನೇಜರ್ ಇರಬೇಕು. ಅಥವಾ ನಾನಾ? ಅಲ್ಲ, ಮ್ಯಾನೇಜರ್. ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ಹೊಲಿಗೆ ನೋಡುವವನ ಥರ. ಜೋರಾಗಿ ಏನೂ ಮಾಡಲಿಲ್ಲ. ನನ್ನ ಹಾಗೆ ಸೊಂಟ ಕುಣಿಸುವುದು, ಕೂಗುವುದು ಏನಿಲ್ಲ. ದನಿ ಸಣ್ಣದು. ಪಕ್ಕದವರು ಕಿವಿ ಕೊಟ್ಟು ಕೇಳಬೇಕು. ಕೇಳಿದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಒಬ್ಬಳು ನಲ್ಲಿಯ ಕಟ್ಟೆ ಹಿಡಿದು ಕೂತೇಬಿಟ್ಟಳು. ಇನ್ನೊಬ್ಬಳು ಕಣ್ಣೊರೆಸಿಕೊಂಡು, ಸಾಕು ಅಕ್ಕ, ಸಾಯಿಸಬೇಡಿ ಅಂದಳು.

ನಾನು ಗೋಡೆ ಹಿಡಿದು ನಿಂತಿದ್ದೆ. ನನಗೂ ನಗು ಬಂತು. ಬಂದೇಬಿಟ್ಟಿತು, ತಡೆಯೋಕಾಗಲಿಲ್ಲ. ಆ ಸದ್ದಿಗೆ ಅವಳು ತಿರುಗಿದಳು.

ನನ್ನನ್ನು ಕಂಡ ಕೂಡಲೇ ಕೈ ಕೆಳಗಿಳಿಯಿತು. ಮುಖ ಮನೆಯ ಮುಖ ಆಯಿತು. ಇಷ್ಟು ವರ್ಷ ನಾನು ನೋಡಿದ್ದು ಈ ಮುಖವನ್ನೇ. ಇದನ್ನೇ ಅವಳು ಅಂತ ಊರಿಗೆಲ್ಲ ಮಾರಿದೆ.

ಟೀ ಕುಡಿಸಿದಳು. ಗಂಟಲು ಹೇಗಿದೆ ಕೇಳಿದಳು. ಕೋಣೆ ತೋರಿಸಿದಳು. ಚಿಕ್ಕದು, ಗಾಳಿ ಚೆನ್ನಾಗಿದೆ. ಕಿಟಕಿಯ ಮೇಲೆ ತಿಳಿ ಗುಲಾಬಿ ಮುಚ್ಚಳದ ಬಾಟಲಿ, ಅರ್ಧ ಇಳಿದಿದೆ. ಅಂದರೆ ದಿನಾ ಹಾಕುತ್ತಾಳೆ. ಯಾರಿಗೋಸ್ಕರವೂ ಅಲ್ಲ.

ಬಾ ಮನೆಗೆ ಅನ್ನಲಿಲ್ಲ. ಯಾವ ಮನೆಗೆ ಕರೆಯಲಿ? ಅಲ್ಲಿ ನಗಿಸುವವನು ಒಬ್ಬನೇ ಇರಬೇಕಲ್ಲ, ಇನ್ನೊಬ್ಬರಿಗೆ ಜಾಗವೇ ಇಟ್ಟಿರಲಿಲ್ಲ.

ಬಸ್ಸಿನ ಹತ್ತಿರ ಕೇಳಿದೆ. ನಲ್ಲಿಯ ಹತ್ತಿರ ಮಾಡ್ತಿದ್ದೆಯಲ್ಲ, ಅದನ್ನು ನನಗೊಂದು ಸಲ ಮಾಡಿ ತೋರಿಸು. ಬೇಡಿಕೊಂಡೆ ಅಂತಲೇ ಇಟ್ಟುಕೋ.

"ಅಯ್ಯೋ, ಅದೇನು ಮಹಾ. ನಿಮಗೆ ನಗು ಬರಲ್ಲ ಬಿಡಿ" ಅಂದಳು.

ಬಂತು. ಬಂದಿತ್ತು. ಮರೆಯುವ ಮುಂಚೆ ಬರೆದಿಡುತ್ತೇನೆ, ಹೇಗೆ ಮಾಡಿದಳು ಅಂತ. ಎಡಗೈಯಲ್ಲಿ ಬಟ್ಟೆ ಹಿಡಿದಿದ್ದಳು. ಕತ್ತು ಸ್ವಲ್ಪ ಓರೆ. ಕನ್ನಡಕ ಮೂಗಿನ ತುದಿಗೆ. ಒಂದೇ ಹುಬ್ಬು ಮೇಲೆ, ಎಡದ್ದು... ಬಲದ್ದು? ಆಮೇಲೆ ದನಿ ಇನ್ನೂ ತಗ್ಗಿಸಿ, ಏನೋ ಅಂದಳು, ಅಷ್ಟು ದೂರಕ್ಕೆ ನನಗೆ ಕೇಳಿಸಲಿಲ್ಲ.